ಕೋಲಾಟಕ್ಕೆ ಹಿಂದಿನ ಸಾಲಿಲ್ಲ

'ಕುಣಿಯಲಾರದವಳು ನೆಲ ಡೊಂಕು ಅಂದಳು' ಎಂಬ ಗಾದೆಯನ್ನು ಹೈಸ್ಕೂಲಿನಲ್ಲಿ ವಿಸ್ತರಿಸಿ ಬರೆದು ಅಂಕ ಗಿಟ್ಟಿಸಿದವರಲ್ಲಿ ನಾನೂ ಒಬ್ಬಳು. ನೆಲ ನಿಜವಾಗಿಯೂ ಡೊಂಕಾಗಿದ್ದರೆ ಎಂಬ ಪ್ರಶ್ನೆ ಆಗ ನಮ್ಮ ತರಗತಿಯಲ್ಲಿ ಯಾರಿಗೂ ಬಂದಿರಲಿಲ್ಲ. ಈಗ ಕೆಲವು ವರ್ಷಗಳಿಂದ ಪ್ರತಿ ಶನಿವಾರ ಬೆಳಗಿನ ಶಾಲೆಯ ಹೊತ್ತಿಗೆ ಮೈಸೂರಿನಿಂದ ಬಸ್ಸು ಹತ್ತಿ, ನಂಜನಗೂಡು ದಾಟಿ, ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ನೃತ್ಯ ಕಲಿಸಲು ಹೋಗುತ್ತೇನೆ. ಅಲ್ಲಿಯ ಅಂಗಳ ಕೊಳಾಯಿಯ ಕಡೆಗೆ ಇಳಿಜಾರು. ನಡುವೆ ಮಳೆನೀರು ಕೊರೆದ ಒಂದು ಸಣ್ಣ ಓಣಿ. ಒಂದು ಮೂಲೆಯಲ್ಲಿ ಹೊಂಗೆಮರ, ಅದರ ಬೇರು ಅಲ್ಲಲ್ಲಿ ಮೇಲೆದ್ದು ಕಾಲಿಗೆ ತೊಡರುತ್ತದೆ. ವರಾಂಡದಲ್ಲಿ ಕುಣಿಸೋಣವೆಂದರೆ ಕಲ್ಲು ಚಪ್ಪಡಿ. ಬರಿಗಾಲಲ್ಲಿ ಹತ್ತು ನಿಮಿಷ ತಟ್ಟಿದರೆ ಹಿಮ್ಮಡಿ ಉರಿಯುತ್ತದೆ. ಹೀಗಾಗಿ ಹೊಂಗೆಮರದ ಕೆಳಗಿನ ಡೊಂಕು ನೆಲವೇ ನಮ್ಮ ರಂಗ.

ಒಂದರಿಂದ ಐದನೇ ತರಗತಿಯವರೆಗಿನ ಅರವತ್ತು ಚಿಲ್ಲರೆ ಮಕ್ಕಳು. ಆ ನೆಲದ ಏರುತಗ್ಗು ಅವರಿಗೆ ಬಾಯಿಪಾಠ. ಇಳಿಜಾರಿನಲ್ಲಿ ನಿಂತವನು ಯಾರೂ ಹೇಳದೆಯೇ ಒಂದು ಮೊಣಕಾಲನ್ನು ಸ್ವಲ್ಪ ಬಗ್ಗಿಸಿಕೊಂಡಿರುತ್ತಾನೆ. ಓಣಿ ಬಂದ ಕಡೆ ಹೆಜ್ಜೆ ತಾನಾಗಿ ದೊಡ್ಡದಾಗುತ್ತದೆ. ಗ್ರಾನೈಟ್ ಹಾಸಿದ ಸಭಾಂಗಣಗಳಲ್ಲಿ ಕಲಿತ ನನಗೆ ಈ ನೆಲಜ್ಞಾನ ಇರಲಿಲ್ಲ.

ಮಕ್ಕಳಿಗೆ ನಾನು ಡ್ಯಾನ್ಸ್ ಮಿಸ್. ಊರಿನ ದೊಡ್ಡವರಿಗೆ 'ಕುಣ್ಯದ ಹೇಳ್ಕೊಡೋ ಮೇಡಮ್ಮೋರು'. ಕುಣಿ ಎಂಬ ಶಬ್ದದ ಪಾಡು ನಮ್ಮ ಭಾಷೆಯಲ್ಲಿ ಒಮ್ಮೆ ಗಮನಿಸಿ. 'ಅವಳು ಹೇಳಿದ ಹಾಗೆ ಕುಣೀತಾನೆ', 'ಜಾಸ್ತಿ ಕುಣೀಬೇಡ', 'ಕುಣಿದು ಕುಪ್ಪಳಿಸಿದ್ದು ಸಾಕು, ಪುಸ್ತಕ ತೆಗಿ'. ದಿನಬಳಕೆಯಲ್ಲಿ ಅದು ಬರುವುದು ಹೆಚ್ಚಾಗಿ ಬೈಗುಳಕ್ಕೆ. ಅದರ ಪಕ್ಕದಲ್ಲೇ ಇರುವ ನಲಿ ಎಂಬ ಮಾತಿಗೆ ಒಳ್ಳೆಯ ಹೆಸರಿದೆ. ನಲಿ ಅಂದರೂ ಕುಣಿತವೇ, ಸಂತೋಷದ ಕುಣಿತ. 1995ರಲ್ಲಿ ಇದೇ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಚಟುವಟಿಕೆಯ ಕಲಿಕೆಗೆ ನಲಿ-ಕಲಿ ಎಂದು ಹೆಸರಿಟ್ಟರು. ಮುಂದೆ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ಒಂದರಿಂದ ಮೂರನೇ ತರಗತಿಯವರೆಗೆ ಮಕ್ಕಳು ಗುಂಪಾಗಿ ನೆಲದ ಮೇಲೆ ಕೂತು, ಕಾರ್ಡು ಹಿಡಿದು, ಹಾಡಿ, ಎದ್ದು ಓಡಾಡಿ ಕಲಿಯುತ್ತಾರೆ. ನಾಲ್ಕಕ್ಕೆ ಬಂದ ಕೂಡಲೇ ಬೆಂಚು. ಅಲ್ಲಿಂದ ಮುಂದೆ ಕಲಿ ಮಾತ್ರ ಉಳಿಯುತ್ತದೆ. ನನ್ನ ಶನಿವಾರದ ಕೆಲಸ ಏನೆಂದು ಯಾರಾದರೂ ಕೇಳಿದರೆ, ಆ ಹೆಸರಿನಿಂದ ಕಳಚಿಬಿದ್ದ ಅರ್ಧವನ್ನು ಹುಡುಕಿಕೊಡುವುದು ಎನ್ನುತ್ತೇನೆ.

ಎಲ್ಲರಿಗೂ ಆ ಅರ್ಧ ಬೇಕೆಂದಿಲ್ಲ. ಮೊದಲ ವರ್ಷವೇ ಒಬ್ಬ ಅಜ್ಜಿ ಮೊಮ್ಮಗಳನ್ನು ಸಾಲಿನಿಂದ ಕೈಹಿಡಿದು ಎಳೆದುಕೊಂಡು ಹೊರಟರು. "ಓದಾಕ್ ಕಳ್ಸಿರಾದು ಕನವ್ವ, ಕುಣ್ಯಾಕಲ್ಲ" ಎಂದರು. ಅವರ ಧ್ವನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. ನಾವು ಪರೀಕ್ಷೆಯಲ್ಲಿ ಬರೆಯುವ ಗಾದೆ ತಿದ್ದಿದ ಗಾದೆ. ಅದರ ಹಳೆಯ ರೂಪದಲ್ಲಿ ಕುಣಿಯಲಾರದವಳು ಯಾರು ಎಂಬುದಕ್ಕೆ ಒಂದು ಶಬ್ದವಿದೆ. ಅಜ್ಜಿಯ ಕಿವಿಯಲ್ಲಿ ಇದ್ದದ್ದು ಆ ಹಳೆಯ ಗಾದೆ. ಮೈಸೂರು ಸಂಸ್ಥಾನ ದೇವಾಲಯಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಿದ್ದು 1909ರಲ್ಲಿ. ಕರ್ನಾಟಕದ ನಿಷೇಧ ಕಾಯ್ದೆ ಬಂದದ್ದು 1982ರಲ್ಲಿ. ಈ ಎರಡರ ನಡುವಿನ ಎಪ್ಪತ್ತು ವರ್ಷಗಳಲ್ಲಿ ಊರೂರುಗಳಲ್ಲಿ ಕುಣಿಯುವ ಹೆಣ್ಣಿನ ಬಗ್ಗೆ ಏನೇನು ಮಾತಾಡಿಕೊಂಡಿರಬಹುದು ಎಂದು ಊಹಿಸಿದರೆ ಅಜ್ಜಿಯ ಮೇಲೆ ಬೇಸರವಾಗುವುದಿಲ್ಲ.

ಅಜ್ಜಿಗೆ ನಾನು ಕೆ. ವೆಂಕಟಲಕ್ಷಮ್ಮನವರ ಕತೆ ಹೇಳಿದೆ. 1906ರಲ್ಲಿ ಕಡೂರಿನ ಕಡೆಯ ಲಂಬಾಣಿ ಕುಟುಂಬದಲ್ಲಿ ಹುಟ್ಟಿದ ಹುಡುಗಿ. ಎಂಟನೇ ವಯಸ್ಸಿಗೆ ಮೈಸೂರಿನ ಜಟ್ಟಿ ತಾಯಮ್ಮನವರ ಬಳಿ ಪಾಠಕ್ಕೆ ಸೇರಿದವಳು. ಅರಮನೆಯ ಆಸ್ಥಾನ ವಿದುಷಿಯಾಗಿ, ಮೈಸೂರು ವಿಶ್ವವಿದ್ಯಾಲಯದಲ್ಲಿ ನೃತ್ಯದ ಪಾಠ ಹೇಳಿ, 1992ರಲ್ಲಿ ಪದ್ಮಭೂಷಣ ಪಡೆದವರು. ಅಜ್ಜಿ ಎಲ್ಲ ಕೇಳಿಸಿಕೊಂಡು, "ಅವ್ರು ಅರಮನೆಯೋರು ಬುಡಿ" ಎಂದರು. ಪದ್ಮಭೂಷಣದಿಂದ ಏನೂ ಉಪಯೋಗವಾಗಲಿಲ್ಲ. ಮುಂದಿನ ಶನಿವಾರ ಅಜ್ಜಿ ತಾವೇ ಕಾಂಪೌಂಡಿನ ಹೊರಗೆ ನಿಂತು ಪೂರ್ತಿ ಒಂದು ಗಂಟೆ ನೋಡಿದರು. ಅದರ ಮುಂದಿನ ವಾರ ಮೊಮ್ಮಗಳು ಮತ್ತೆ ಬಂದಳು. ಅಜ್ಜಿಗೆ ಕಾಣಬೇಕಾಗಿದ್ದದ್ದು ಮಕ್ಕಳು ಏನು ಮಾಡುತ್ತಾರೆ ಎಂಬುದು ಅಷ್ಟೇ.

ಏನು ಮಾಡುತ್ತೇವೆ? ಭರತನಾಟ್ಯ ಕಲಿಯುವಾಗ ನನಗೆ ಮೊದಲ ತಿಂಗಳುಗಳೆಲ್ಲ ಅರಮಂಡಿ ಮತ್ತು ತಟ್ಟಡವು. ಮೊಣಕಾಲು ಎರಡೂ ಬದಿಗೆ ಬಗ್ಗಿಸಿ ಅರ್ಧ ಕೂತು, ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲದಲ್ಲಿ ತಟ್ಟುವುದು. ಆ ಕ್ರಮ ಹತ್ತು ವರ್ಷ ಕಲಿಯುವವರಿಗೆ ಹಾಕಿದ ತಳಪಾಯ. ವಾರಕ್ಕೊಂದು ಗಂಟೆ ಸಿಗುವ ಆರು ವರ್ಷದ ಮಗುವಿಗೆ ಬೇಕಾದದ್ದು ಬೇರೆ. ಅದಕ್ಕೆ ತನ್ನ ಮೈ ಎಲ್ಲಿ ಮುಗಿಯುತ್ತದೆ, ಪಕ್ಕದವರ ಮೈ ಎಲ್ಲಿ ಶುರುವಾಗುತ್ತದೆ ಎಂಬುದು ಗೊತ್ತಾಗಬೇಕು. ಕೈಚಾಚಿ ತಿರುಗಿದರೆ ಯಾರಿಗೂ ತಾಗಬಾರದು. ಓಡುತ್ತಿದ್ದವರು ಚಪ್ಪಾಳೆಗೆ ಗಕ್ಕನೆ ನಿಲ್ಲಬೇಕು. ಒಂದನೇ ತರಗತಿಗೆ ಇದೇ ಒಂದು ತಿಂಗಳ ಪಾಠ. ನಿಲ್ಲುವುದು ಓಡುವುದಕ್ಕಿಂತ ಕಷ್ಟ ಎಂಬುದು ಅವರಿಗೆ ಅಲ್ಲಿಯೇ ತಿಳಿಯುತ್ತದೆ.

ಆಮೇಲೆ ಎಡಬಲದ ರಗಳೆ. ನಾನು ಅವರಿಗೆ ಎದುರಾಗಿ ನಿಂತು 'ಬಲಗಾಲು' ಎಂದು ನನ್ನ ಬಲಗಾಲೆತ್ತಿದರೆ, ಅವರು ನನ್ನ ಕಾಲಿನ ನೇರಕ್ಕಿರುವ ಎಡಗಾಲೆತ್ತುತ್ತಾರೆ. ಹಾಗಾಗಿ ಮಕ್ಕಳಿಗೆ ಕಲಿಸುವವರು ಕನ್ನಡಿಯಾಗಬೇಕು: ಬಾಯಲ್ಲಿ ಬಲ ಎಂದು ಹೇಳುತ್ತ ಎಡಗಾಲನ್ನು ಎತ್ತಬೇಕು. ಅಭ್ಯಾಸವಾದ ಮೇಲೆ ಇದು ಎಷ್ಟು ಒಗ್ಗಿಹೋಗುತ್ತದೆಂದರೆ ಆಟೋದವರಿಗೆ ದಾರಿ ಹೇಳುವಾಗಲೂ ನನ್ನ ಕೈ ಒಂದು ಕಡೆ, ಮಾತು ಒಂದು ಕಡೆ. ಬಲಗೈ ಯಾವುದು ಎಂದರೆ 'ಅನ್ನ ತಿನ್ನೋ ಕೈ' ಎಂದು ನಮ್ಮ ಕಡೆ ಹೇಳಿಕೊಡುವುದು ರೂಢಿ. ಮೂರನೇ ತರಗತಿಯಲ್ಲಿ ಎಡಗೈಯಲ್ಲಿ ಬರೆಯುವ ಹುಡುಗನೊಬ್ಬನಿದ್ದ. ಮನೆಯಲ್ಲಿ ಗದರಿ ಊಟ ಮಾತ್ರ ಬಲಗೈಗೆ ರೂಢಿ ಮಾಡಿಸಿದ್ದರು. ಬಲಗೈ ಎತ್ತು ಎಂದಾಗ ಅವನು ಒಂದು ಕ್ಷಣ ಎರಡೂ ಕೈ ನೋಡಿಕೊಂಡು, ಆಮೇಲೆ ಸರಿಯಾದದ್ದನ್ನೇ ಎತ್ತುತ್ತಿದ್ದ. ಆ ಒಂದು ಕ್ಷಣಕ್ಕೆ ಉಳಿದವರೆಲ್ಲ ಕಾಯುವುದನ್ನು ಕಲಿತರು. ನೃತ್ಯದ ಪಾಠದಲ್ಲಿ ಇದೂ ಸೇರಿದೆ.

ತಾಳಕ್ಕೆ ಬಂದಾಗ ನನಗೆ ನೆರವಾದದ್ದು ಬಸ್ಸು. ಐದು ಜಾತಿಗಳಿವೆ ಎಂದು ನಾವು ಕಲಿಯುತ್ತೇವೆ: ತಿಶ್ರಕ್ಕೆ ಮೂರು, ಚತುರಶ್ರಕ್ಕೆ ನಾಲ್ಕು, ಖಂಡಕ್ಕೆ ಐದು, ಮಿಶ್ರಕ್ಕೆ ಏಳು, ಸಂಕೀರ್ಣಕ್ಕೆ ಒಂಬತ್ತು. ಈ ಹೆಸರುಗಳನ್ನು ಎಂಟು ವರ್ಷದವರ ಮುಂದೆ ಹೇಳಿದರೆ ಆಕಳಿಕೆ ಬರುತ್ತದೆ. ಒಂದು ಶನಿವಾರ ಬಸ್ ನಿಲ್ದಾಣದಲ್ಲಿ ಕಂಡಕ್ಟರು ಊರಿನ ಹೆಸರು ಕೂಗುತ್ತಿದ್ದುದು ಕಿವಿಗೆ ಬಿದ್ದು, ಅದನ್ನೇ ತಂದು ಅಂಗಳದಲ್ಲಿ ಕೂಗಿಸಿದೆ. ಅಕ್ಷರಕ್ಕೊಂದು ತಟ್ಟು. ಮೈ-ಸೂ-ರು: ತಕಿಟ. ಬೆಂ-ಗ-ಳೂ-ರು: ತಕಧಿಮಿ. ನಂ-ಜ-ನ-ಗೂ-ಡು: ತಕತಕಿಟ. ಚಾ-ಮ-ರಾ-ಜ-ನ-ಗ-ರ ಎಂದರೆ ತಕಿಟತಕಧಿಮಿ, ಸರಿಯಾಗಿ ಏಳು. ಒಂಬತ್ತಕ್ಕೆ ಊರು ಯಾವುದು ಎಂದು ನಾನೇ ತಡವರಿಸುತ್ತಿದ್ದಾಗ ಐದನೇ ತರಗತಿಯ ಹುಡುಗನೊಬ್ಬ ಬೆರಳು ಮಡಚಿ ಎಣಿಸಿ ಕೂಗಿದ: ಮ-ಲೆ-ಮ-ಹ-ದೇ-ಶ್ವ-ರ-ಬೆ-ಟ್ಟ!

ಛಂದಸ್ಸಿನ ಮೇಷ್ಟ್ರು ಇದನ್ನು ಓದಿದರೆ ಹುಬ್ಬು ಗಂಟಿಕ್ಕಬಹುದು. ಮಾತ್ರೆಯ ಲೆಕ್ಕದಲ್ಲಿ ದೀರ್ಘಾಕ್ಷರ ಗುರು, ಅದಕ್ಕೆ ಎರಡು ಮಾತ್ರೆ. ಹಾಗೆ ನೋಡಿದರೆ ಮೈಸೂರಿಗೆ ಮೂರಲ್ಲ, ಐದು. ಆದರೆ ನಮ್ಮ ಅಂಗಳದಲ್ಲಿ ಲಘುವಿಗೂ ಗುರುವಿಗೂ ಒಂದೇ ಕಾಲು ತಟ್ಟು. ಮುಂದೆ ಹೈಸ್ಕೂಲಿನಲ್ಲಿ ಮಾತ್ರಾಗಣ, ಅಕ್ಷರಗಣ ಬಂದಾಗ ಈ ಮಕ್ಕಳಿಗೆ ಎಣಿಸುವುದು ಹೊಸದಾಗಿರುವುದಿಲ್ಲ, ಪಾದದ ಅಡಿಯಲ್ಲಿ ಆಗಲೇ ಇರುತ್ತದೆ ಎಂಬ ಆಸೆ ನನ್ನದು. ಸದ್ಯಕ್ಕಂತೂ ಊರಿನ ಹೆಸರು ಕಂಡಲ್ಲೆಲ್ಲ ಎಣಿಸುವ ಚಟ ಹತ್ತಿದೆ. ಗುಂಡ್ಲುಪೇಟೆ ನಾಲ್ಕು, ಕೊಳ್ಳೇಗಾಲ ನಾಲ್ಕು, ಹೆಗ್ಗಡದೇವನಕೋಟೆ ಎಂಟು, ಅಂದರೆ ನಾಲ್ಕರ ಎರಡು ಸುತ್ತು. ಬಿಳಿಗಿರಿರಂಗನಬೆಟ್ಟವೂ ಒಂಬತ್ತು. ಬೆಟ್ಟದ ದೇವರುಗಳೆಲ್ಲ ಸಂಕೀರ್ಣವೇ ಏಕೆ ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಡಿಸೆಂಬರ್ ಬಂದರೆ ಇದೆಲ್ಲಕ್ಕೂ ರಜೆ. ಸ್ಕೂಲ್ ಡೇ ಹತ್ತಿರವಾಗುತ್ತದೆ. ಇದಕ್ಕೂ ಮೊದಲು ನಾನು ನಗರದ ಒಂದು ಖಾಸಗಿ ಶಾಲೆಯಲ್ಲಿ ಎರಡು ವರ್ಷ ಕೆಲಸ ಮಾಡಿದ್ದೆ. ಅಲ್ಲಿ ಸ್ಕೂಲ್ ಡೇ ಎಂದರೆ ಆ ವರ್ಷ ಗೆದ್ದ ಸಿನಿಮಾ ಹಾಡು, ಬಾಡಿಗೆಗೆ ತಂದ ಮಿಂಚುವ ಬಟ್ಟೆ, ಮತ್ತು ಸಾಲು. ನಾಲ್ಕು ಸಾಲು. ಮುಂದಿನ ಸಾಲಿಗೆ ಯಾರು ಎಂಬುದು ನಾನು ತೀರ್ಮಾನಿಸುವ ಮೊದಲೇ ತೀರ್ಮಾನವಾಗಿರುತ್ತಿತ್ತು. ಚುರುಕಾದವರು, ನೋಡಲು ಲಕ್ಷಣವಾಗಿರುವವರು, ಬೆಳ್ಳಗಿರುವವರು, ಆಡಳಿತ ಮಂಡಳಿಗೆ ಬೇಕಾದವರ ಮಕ್ಕಳು. ಹಿಂದಿನ ಸಾಲಿನವರಿಗೂ ಅದು ಗೊತ್ತಿರುತ್ತಿತ್ತು. ಏಳು ವರ್ಷದ ಮಗುವೊಂದು ತಾನು ಹಿಂದಿನ ಸಾಲಿನದು ಎಂದು ಒಪ್ಪಿಕೊಂಡುಬಿಟ್ಟ ಮೇಲೆ ಅದರ ಕೈ ಮೇಲೇಳುವ ರೀತಿಯೇ ಬೇರೆಯಾಗುತ್ತದೆ, ಅರ್ಧಕ್ಕೆ ಎದ್ದು ಅಲ್ಲೇ ನಿಲ್ಲುತ್ತದೆ. ತಪ್ಪಿದರೆ ಯಾರಿಗೂ ಕಾಣುವುದಿಲ್ಲ, ಸರಿ ಮಾಡಿದರೂ ಕಾಣುವುದಿಲ್ಲ. ಬಟ್ಟೆಯ ಬಾಡಿಗೆ ಕಟ್ಟಲಾಗದವರು ಆ ಸಾಲಿಗೂ ಇಲ್ಲ, ಅವರು ಸಭಿಕರು.

ಮಕ್ಕಳಿಗೆ ನೃತ್ಯ ಯಾಕೆ ಎಂಬ ಪ್ರಶ್ನೆಯನ್ನು ನಮಗಿಂತ ಮೊದಲು ದೊಡ್ಡವರು ಕೇಳಿಕೊಂಡಿದ್ದಾರೆ. ರವೀಂದ್ರನಾಥ ಠಾಕೂರರು 1919ರಲ್ಲಿ ಸಿಲ್ಹೆಟ್ ಕಡೆ ಹೋದಾಗ ಮಣಿಪುರಿ ನೃತ್ಯ ನೋಡಿ, ಅದನ್ನು ಕಲಿಸುವವರನ್ನು ಶಾಂತಿನಿಕೇತನಕ್ಕೆ ಕರೆಸಿದರು. ಭದ್ರಲೋಕದ ಹುಡುಗಿಯರು ಕುಣಿಯುವುದನ್ನು ಬಂಗಾಳ ಸುಲಭಕ್ಕೆ ಒಪ್ಪದಿದ್ದ ಕಾಲ ಅದು. ನಮ್ಮಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳೊಂದಿಗೆ ನಾಟಕ, ನೃತ್ಯದ ಪ್ರಯೋಗ ಮಾಡಿದರು. 1975ರಲ್ಲಿ ಶುರುವಾದ ಸಾಲಿಗ್ರಾಮ ಮಕ್ಕಳ ಮೇಳ ಪೂರ್ಣ ಪ್ರಮಾಣದ ಯಕ್ಷಗಾನವನ್ನೇ ಮಕ್ಕಳಿಂದ ಆಡಿಸಿ ತೋರಿಸಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯವರೆಗೆ ಕಲೆ ಕಡ್ಡಾಯ ವಿಷಯವಾಗಿರಬೇಕು ಎಂದಿತು. ಕಾಗದದ ಮೇಲೆ ನಮಗೆ ಕೊರತೆಯೇನಿಲ್ಲ. ಶಾಲೆಯ ವೇಳಾಪಟ್ಟಿಯಲ್ಲಿ ಮಾತ್ರ ನೃತ್ಯ ಬರುವುದು ಸ್ಕೂಲ್ ಡೇಗೆ ಹದಿನೈದು ದಿನ ಮುಂಚೆ, ಗಣಿತದ ಪೀರಿಯಡ್ಡಿನಿಂದ ಕಡ ತಂದು.

ಈ ಹಳ್ಳಿಯ ಶಾಲೆಗೆ ಬಂದಾಗ ಸಾಲು ಬೇಡ ಎಂದು ನಿಶ್ಚಯಿಸಿಕೊಂಡಿದ್ದೆ. ಸಾಲಿಲ್ಲದ ಕುಣಿತ ಈ ಸೀಮೆಗೆ ಹೊಸದಲ್ಲ; ಕೋಲಾಟವಿದೆ. ವೃತ್ತಕ್ಕೆ ಮುಂದೆ ಎಂಬುದಿಲ್ಲ, ಹಿಂದೆಯೂ ಇಲ್ಲ. ನೋಡುವವರು ಯಾವ ಕಡೆ ಕೂತರೂ ಪ್ರತಿ ಮಗುವೂ ಒಮ್ಮೆ ಅವರ ಮುಂದೆ ಹಾದುಹೋಗುತ್ತದೆ. ಬಾಡಿಗೆ ಬಟ್ಟೆ ಬೇಕಿಲ್ಲ. ಹಬ್ಬದ ಪೆಂಡಾಲಿಗೆ ತಂದು ಉಳಿದಿದ್ದ ಸರ್ವೆ ಗಳುಗಳನ್ನು ಹೆಡ್ ಮೇಷ್ಟ್ರು ಬಡಗಿಯಿಂದ ಕೊಯ್ಯಿಸಿಕೊಟ್ಟರು. ಅಳತೆ ಅವರವರ ಮೊಳ. ಮೊಣಕೈಯಿಂದ ಬೆರಳ ತುದಿಯವರೆಗೆ ಎಷ್ಟೋ ಅಷ್ಟು. ಹಾಗಾಗಿ ಒಂದನೇ ತರಗತಿಯವರ ಕೋಲು ಚಿಕ್ಕದು, ಐದರವರದು ದೊಡ್ಡದು. ಕೋಲಿಗೆ ಕೋಲು ತಾಗಿದಾಗ ಬೇರೆ ಬೇರೆ ಸ್ವರ ಬರುತ್ತದೆ.

ಕೋಲಾಟಕ್ಕೆ ಇನ್ನೊಂದು ಅನುಕೂಲವಿದೆ, ಅದನ್ನು ಹೇಳಲು ಸ್ವಲ್ಪ ಸಂಕೋಚ. ನಾಲ್ಕು, ಐದನೇ ತರಗತಿಗೆ ಬರುವ ಹೊತ್ತಿಗೆ ಹುಡುಗರು ಹುಡುಗಿಯರ ಕೈ ಹಿಡಿಯುವುದಿಲ್ಲ. ಹಿಡಿಯಿರಿ ಎಂದರೆ ಒಬ್ಬರ ಅಂಗಿಯ ತುದಿಯನ್ನು ಇನ್ನೊಬ್ಬರು ಎರಡು ಬೆರಳಲ್ಲಿ ಹಿಡಿಯುತ್ತಾರೆ. ಅದಕ್ಕೆ ನಗಬಹುದು. ನಗಲಾಗದ ಸಂಗತಿಯೂ ಇತ್ತು. ಹುಡುಗಿಯರಲ್ಲೇ ಕೆಲವರು ಕೆಲವರ ಕೈ ಹಿಡಿಯುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ ತಲೆ ತಗ್ಗಿಸುತ್ತಿದ್ದರು. ಯಾರ ಮನೆ ಯಾವ ಬೀದಿಯಲ್ಲಿದೆ ಎಂದು ತಿಳಿದ ಮೇಲೆ ನಾನು ಕೇಳುವುದನ್ನು ಬಿಟ್ಟೆ. ಕೈ ಹಿಡಿಯಲು ಒಪ್ಪದವರು ಕೋಲು ತಟ್ಟಲು ಕೂಡಲೇ ಒಪ್ಪಿದರು. ನಡುವೆ ಒಂದು ಮೊಳ ಮರ ಇದೆಯಲ್ಲ.

ಹಾಗಾದರೆ ಈ ಕೋಲು ಸೇತುವೆಯೋ ಬೇಲಿಯೋ ಎಂದು ಬಸ್ಸಿನಲ್ಲಿ ಬರುವಾಗ ಬಹಳ ಸಲ ಯೋಚಿಸಿದ್ದೇನೆ. ಒಂದು ಮಾತ್ರ ಹೇಳಬಲ್ಲೆ. ಕೋಲಾಟದಲ್ಲಿ ಜೊತೆಗಾರರು ಸುತ್ತು ಸುತ್ತಿಗೂ ಬದಲಾಗುತ್ತಾರೆ. ನನಗೆ ಬೇಕಾದವರ ಜೊತೆ ಮಾತ್ರ ಎನ್ನಲು ಅವಕಾಶವಿಲ್ಲ. ಎದುರಿಗೆ ಬಂದವರ ಕೋಲಿಗೆ ಕೋಲು ಕೊಡಲೇಬೇಕು, ಇಲ್ಲದಿದ್ದರೆ ತಾಳ ನಿಲ್ಲುತ್ತದೆ. ನಿಂತದ್ದು ಎಲ್ಲರಿಗೂ ಕೇಳಿಸುತ್ತದೆ. ಮೂರು ತಿಂಗಳಾದ ಮೇಲೆ ಒಂದು ದಿನ ಜೋರಾಗಿ ತಟ್ಟಿ ಒಬ್ಬಳ ಬೆರಳಿಗೆ ಪೆಟ್ಟಾಯಿತು. ಪೆಟ್ಟು ಕೊಟ್ಟವಳು ಕೋಲು ಎಸೆದು ಓಡಿಬಂದು ಆ ಬೆರಳನ್ನು ತನ್ನ ಎರಡೂ ಕೈಯಲ್ಲಿ ಮುಚ್ಚಿ ಹಿಡಿದು ಊದಿದಳು. ಅವರಿಬ್ಬರೂ ಬೇರೆ ಬೇರೆ ಬೀದಿಯವರು. ಇದರಿಂದ ಊರು ಬದಲಾಯಿತೆಂದು ನಾನು ಬರೆಯಲಾರೆ. ಬೆರಳ ನೋವಂತೂ ಸಂಜೆಯೊಳಗೆ ಕಡಿಮೆಯಾಗಿತ್ತು.

ಕೋಲಾಟದ ನಿಜವಾದ ಪಾಠ ನಮಗೆ ಹೇಳಿಕೊಟ್ಟವರು ಕಾಂಪೌಂಡಿನ ಆಚೆ ಕುರಿ ಮೇಯಿಸುತ್ತಿದ್ದ ತಾತ. ಮಹದೇಶ್ವರನ ಗುಡ್ಡರ ಮನೆತನ. ವಯಸ್ಸಿನಲ್ಲಿ ಬೀಸು ಕಂಸಾಳೆ ಆಡಿದವರು. ಎಡಗೈಯಲ್ಲಿ ಬಟ್ಟಲಿನಂಥ ತಾಳ, ಬಲಗೈಯಲ್ಲಿ ಹುರಿ ಕಟ್ಟಿದ ಚಪ್ಪಟೆ ತಾಳ. ಅದನ್ನು ಬೀಸಿ ಬೀಸಿ, ತಲೆಯ ಮೇಲೆ, ಬೆನ್ನ ಹಿಂದೆ, ಪಕ್ಕದವನ ಬಟ್ಟಲಿಗೆ ತಾಗಿಸುವ ಕುಣಿತ ಅದು. ಒಂದು ಅಂಗುಲ ತಪ್ಪಿದರೆ ಕಂಚು ಹಣೆಗೆ ಬೀಳುತ್ತದೆ. ನಮ್ಮ ಮಕ್ಕಳು ತಮ್ಮ ಕೋಲಿನ ತುದಿಯನ್ನೇ ದಿಟ್ಟಿಸುತ್ತ, ಹೆದರಿ ಹೆದರಿ ತಟ್ಟುತ್ತಿದ್ದುದನ್ನು ನೋಡಿ ತಾತ ಗೋಡೆಯ ಮೇಲಿಂದ ಹೇಳಿದರು: "ಕೋಲ ನೋಡ್ಬ್ಯಾಡಿ ಮಕ್ಳಾ. ಎದ್ರುಗ್ ನಿಂತಿರೋರ್ ಕಣ್ಣ ನೋಡಿ. ಕೋಲು ಅದರ ಪಾಡ್ಗೆ ಅದು ಬತ್ತದೆ." ಹಾಗೆಯೇ ಆಯಿತು. ಕಣ್ಣಿಗೆ ಕಣ್ಣು ಕೊಟ್ಟ ಮೇಲೆ ಕೋಲು ತಪ್ಪುವುದು ಕಡಿಮೆಯಾಯಿತು. ಅಭಿನಯ ದರ್ಪಣದಲ್ಲಿ ಎಂಟು ಬಗೆಯ ದೃಷ್ಟಿಗಳಿವೆ, ನಾನು ಎಂಟನ್ನೂ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಎದುರಿನವರನ್ನು ನಂಬಿ ನೋಡುವ ಈ ನೋಟವನ್ನು ತಾತನಿಂದ ಕಲಿತೆ.

ಕಳೆದ ವರ್ಷ ಧೈರ್ಯ ಮಾಡಿ ಜಡೆ ಕೋಲಾಟ ತೆಗೆದುಕೊಂಡೆವು. ಹೊಂಗೆಮರದ ಗಟ್ಟಿ ಕೊಂಬೆಗೆ ಎಂಟು ಎಳೆ ಕಟ್ಟಿದೆವು. ಎಳೆಗಳು ತಾಯಂದಿರು ಕೊಟ್ಟ ಹಳೆಯ ಸೀರೆಗಳನ್ನು ಉದ್ದಕ್ಕೆ ಸೀಳಿ ಮಾಡಿದವು. ಒಂದೊಂದು ಮಗುವಿಗೆ ಒಂದೊಂದು ಬಣ್ಣ. ಎಡಗೈಯಲ್ಲಿ ಎಳೆ, ಬಲಗೈಯಲ್ಲಿ ಕೋಲು. ನಾಲ್ವರು ಬಲಕ್ಕೆ ಮುಖ ಮಾಡಿ, ನಾಲ್ವರು ಎಡಕ್ಕೆ. ಎದುರು ಬರುವವರಲ್ಲಿ ಒಬ್ಬರನ್ನು ಒಳಗಿನಿಂದ ದಾಟಿದರೆ ಮುಂದಿನವರನ್ನು ಹೊರಗಿನಿಂದ ದಾಟಬೇಕು, ದಾಟುವಾಗ ಕೋಲಿಗೆ ಕೋಲು. ಹೀಗೆ ಸುತ್ತುತ್ತ ಹೋದಂತೆ ಮೇಲಿನಿಂದ ಜಡೆ ಹೆಣೆದುಕೊಂಡು ಇಳಿಯುತ್ತದೆ. ಅರ್ಧ ಆಟ ಹೆಣೆಯುವುದು, ಉಳಿದರ್ಧ ಬಿಚ್ಚುವುದು. ಎಲ್ಲರೂ ಹಿಂದಕ್ಕೆ ತಿರುಗಿ, ಬಂದ ಹೆಜ್ಜೆಗಳನ್ನೇ ತಲೆಕೆಳಗು ಕ್ರಮದಲ್ಲಿ ಹಾಕಬೇಕು. ಒಬ್ಬರು ಒಳಗೆ ಹೋಗಬೇಕಾದಲ್ಲಿ ಹೊರಗೆ ಹೋದರೂ ಗಂಟು ಬೀಳುತ್ತದೆ. ಮೊದಲ ತಿಂಗಳು ನಾವು ಹೆಣೆದದ್ದು ಜಡೆಯೋ ಗುಬ್ಬಿಗೂಡೋ ಹೇಳುವಂತಿರಲಿಲ್ಲ. ಗಂಟು ಬಿದ್ದಾಗ ಯಾರ ತಪ್ಪು ಎಂದು ಹುಡುಕುವ ಬದಲು ಎಲ್ಲಿಯ ತಪ್ಪು ಎಂದು ಹುಡುಕುವುದನ್ನು ಅವರೇ ಅಭ್ಯಾಸ ಮಾಡಿಕೊಂಡರು, ಯಾಕೆಂದರೆ ಬಿಚ್ಚಬೇಕಾದವರು ಎಂಟೂ ಜನ.

ಸಾಲಿನ ಕುಣಿತದಲ್ಲಿ ಒಬ್ಬರು ಬರದಿದ್ದರೆ ಪಕ್ಕದವರು ಸ್ವಲ್ಪ ಸರಿದುಕೊಂಡರೆ ಆಯಿತು. ಜಡೆ ಹಾಗಲ್ಲ. ಜನವರಿಯಲ್ಲಿ, ಎಂಟರಲ್ಲಿ ಒಬ್ಬಳು ಬರಲಿಲ್ಲ. ಹಳದಿ ಎಳೆಯವಳು, ನಾಲ್ಕನೇ ತರಗತಿ. ಅಪ್ಪ ಅಮ್ಮ ಕಾಫಿ ಕೊಯ್ಲಿಗೆ ಕೊಡಗಿಗೆ ಹೋದರು, ಪುಟ್ಟ ತಮ್ಮನನ್ನು ನೋಡಿಕೊಳ್ಳಲು ಇವಳನ್ನೂ ಕರೆದುಕೊಂಡು ಹೋದರು. ಈ ಸೀಮೆಯಲ್ಲಿ ಅದು ಪ್ರತಿ ವರ್ಷದ ಮಾತು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರಿನ ಗುರುತು ಬೀಳುತ್ತ ಹೋಯಿತು. ಅಂಥ ಗುರುತುಗಳು ಬೇರೆ ಹೆಸರುಗಳ ಮುಂದೆಯೂ ಇದ್ದವು, ಯಾರೂ ಅದನ್ನು ಹೆಚ್ಚಾಗಿ ನೋಡುತ್ತಿರಲಿಲ್ಲ. ಮರದಿಂದ ತೂಗಾಡುತ್ತಿದ್ದ ಹಳದಿ ಎಳೆಯನ್ನು ಮಾತ್ರ ಎಲ್ಲರೂ ನೋಡಿದರು. ಏಳು ಜನರಲ್ಲಿ ಜಡೆ ಹೆಣೆಯಲಾಗುವುದಿಲ್ಲ. ಒಬ್ಬರನ್ನು ಕೂರಿಸಿ ಆರು ಎಳೆಯಲ್ಲಿ ಮಾಡೋಣವೇ ಎಂದು ಕೇಳಿದೆ. ಬೇರೆಯವರನ್ನು ಸೇರಿಸೋಣವೇ ಎಂದೂ ಕೇಳಿದೆ. ಮಕ್ಕಳು ಎರಡಕ್ಕೂ ಒಪ್ಪಲಿಲ್ಲ. "ಅದು ಅವ್ಳುದು ಮಿಸ್, ಬಂದ್ಮೇಲೆ ಎಲ್ಲೋಗ್ತಾಳೆ?" ಎಂದಳು ಒಬ್ಬಳು.

ಮಾತು ನಡೆಯುತ್ತಿದ್ದಾಗ ಬಿಸಿಯೂಟದ ಅಡುಗೆ ಅಕ್ಕ ಅಕ್ಕಿ ತೊಳೆದ ನೀರು ಚೆಲ್ಲಲು ಹೊರಗೆ ಬಂದಿದ್ದರು. ಪಾತ್ರೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, "ಅವ್ಳು ಬರಗಂಟ ನಾನ್ ಹಿಡ್ಕತೀನಿ ಬುಡಿ ಮಿಸ್ಸು" ಎಂದು ಹಳದಿ ಎಳೆ ಹಿಡಿದರು. ಮದುವೆಗೆ ಮುಂಚೆ ತವರೂರಿನಲ್ಲಿ ಜಡೆ ಕೋಲಾಟ ಆಡಿದವರಂತೆ. ಇಷ್ಟು ವರ್ಷ ನಮ್ಮ ಕೋಲಿನ ಸದ್ದು ಕೇಳುತ್ತ ಒಳಗೆ ಸಾರು ಮಾಡುತ್ತಿದ್ದವರು ಒಂದು ದಿನವೂ ಹೇಳಿರಲಿಲ್ಲ. ಮಕ್ಕಳ ಎತ್ತರಕ್ಕೆ ಸೊಂಟ ಬಗ್ಗಿಸಿ, ಒಂದು ಹೆಜ್ಜೆ ತಪ್ಪದೆ ದಾಟಿದರು. ಫೆಬ್ರವರಿಯ ಸ್ಕೂಲ್ ಡೇಯಲ್ಲೂ ಅವರೇ ಹಿಡಿದರು. ಅಂದು ಊರವರೆಲ್ಲ ಮರದ ಸುತ್ತ ಕೂತಿದ್ದರು. ಮೊಮ್ಮಗಳನ್ನು ಎಳೆದುಕೊಂಡು ಹೋಗಿದ್ದ ಅಜ್ಜಿ ಮೊದಲು ಬಂದು ನೆರಳಿನ ಜಾಗ ಹಿಡಿದಿದ್ದರು. ಜಡೆ ಹೆಣೆದದ್ದಕ್ಕಿಂತ ಗಂಟಿಲ್ಲದೆ ಬಿಚ್ಚಿದ್ದಕ್ಕೆ ಚಪ್ಪಾಳೆ ಹೆಚ್ಚು ಬಿತ್ತು.

ನೃತ್ಯದಿಂದ ಮಕ್ಕಳ ಏಕಾಗ್ರತೆ ಹೆಚ್ಚುತ್ತದೆ, ಆತ್ಮವಿಶ್ವಾಸ ಬೆಳೆಯುತ್ತದೆ ಎಂದು ವೇದಿಕೆಯ ಮೇಲೆ ಅತಿಥಿಗಳು ಹೇಳುವುದನ್ನು ಪ್ರತಿ ವರ್ಷ ಕೇಳುತ್ತೇನೆ. ಇರಬಹುದು. ನಾನು ಕಂಡದ್ದು ಇದಕ್ಕಿಂತ ಸಣ್ಣದು. ಒಂದು ಮಗುವಿಗೆ 'ನೀನು ಬರದಿದ್ದರೆ ಇದು ಆಗುವುದಿಲ್ಲ' ಎಂದು ಶಾಲೆ ಹೇಳುವ ಸಂದರ್ಭಗಳು ಕಡಿಮೆ. ಪಾಠ ಯಾರು ಬರದಿದ್ದರೂ ಮುಂದೆ ಹೋಗುತ್ತದೆ. ಪರೀಕ್ಷೆಯೂ ನಡೆಯುತ್ತದೆ. ಕೋಲಿಗೆ ಎದುರು ಕೋಲು ಬೇಕು. ಎಳೆಗೆ ಕೈ ಬೇಕು. ಅಷ್ಟನ್ನು ವಾರಕ್ಕೊಂದು ಗಂಟೆ ಹೇಳಲು ಡೊಂಕು ನೆಲ ಸಾಕು.

ಹಳದಿ ಎಳೆಯ ಹುಡುಗಿ ಯುಗಾದಿಗೆ ಸ್ವಲ್ಪ ಮುಂಚೆ ಬಂದಳು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು, ಸೊಂಟದ ಮೇಲೆ ತಮ್ಮನಿದ್ದ. ಅವನನ್ನು ಅಡುಗೆ ಅಕ್ಕನ ಬಳಿ ಕೂರಿಸಿ ಬಂದು ಮರದ ಕಡೆ ನೋಡಿದಳು. ಎಳೆಗಳನ್ನು ಬಿಚ್ಚಿಟ್ಟಿದ್ದೆವು. ಒಳಗಿನಿಂದ ತಂದು ಹಳದಿಯದನ್ನು ಅವಳ ಕೈಗೆ ಕೊಟ್ಟಾಗ, ತೋಟದಲ್ಲಿ ಏನು ಮಾಡುತ್ತಿದ್ದೆ ಎಂದು ಕೇಳಿದೆ. ಏನೂ ಇಲ್ಲ, ಇವನನ್ನು ಆಡಿಸುತ್ತಿದ್ದೆ ಎಂದಳು. ಸ್ವಲ್ಪ ಹೊತ್ತು ಎಳೆಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದು, ಆಮೇಲೆ ಹೇಳಿದಳು: "ಮಿಸ್, ವಿರಾಜಪೇಟೆನೂ ಐದೇ, ಗೋಣಿಕೊಪ್ಪಲೂ ಐದೇ. ಬಸ್ಸಲ್ಲಿ ಎಣಿಸ್ದೆ. ನಮ್ ನಂಜನಗೂಡಿನ್ ಥರಾನೇ."